ಪಕ್ ಇಲ್ಲದ ಕಡೆ ನೋಡುವ ಕೆಲಸ

ಹೊರಗೆ ಆಗಸ್ಟ್ ತಿಂಗಳ ಸೆಖೆ. ಟೋಕಿಯೋದ ಸೆಖೆ ಮೈಸೂರಿನವನಾದ ನನಗೆ ಅರ್ಥವಾಗುವಂಥದ್ದಲ್ಲ, ಮಂಗಳೂರಿನವರಿಗೆ ಹೇಳಿದರೆ ತಲೆಯಾಡಿಸಿಯಾರು. ಅಂಥ ದಿನ ಚಪ್ಪಲಿ ಮೆಟ್ಟಿಕೊಂಡು, ತೆಳು ಅಂಗಿ ತೊಟ್ಟು ಒಂದು ದೊಡ್ಡ ಬಾಗಿಲು ತಳ್ಳಿದೆ. ಒಳಗೆ ಮೂಗಿನ ತುದಿ ಮರಗಟ್ಟುವ ಚಳಿ. ಎದುರಿಗೆ ಬೆಳ್ಳಗೆ ಹೊಳೆಯುವ ಮಂಜುಗಡ್ಡೆಯ ಅಂಗಳ, ಅದರ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಹೆಲ್ಮೆಟ್ ಹಾಕಿದ ಹುಡುಗರು ಸಾಲಾಗಿ ಬಂದರು, ಅಂಚಿನಲ್ಲಿ ನಿಂತರು, ಆ ಖಾಲಿ ಐಸಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಒಳಗೆ ಜಾರಿಹೋದರು. ಯಾರಿಗಪ್ಪಾ ಈ ನಮಸ್ಕಾರ ಎಂದು ನಾನು ಹಿಂದೆ ಮುಂದೆ ನೋಡಿದೆ. ಯಾರೂ ಇರಲಿಲ್ಲ.

ನಾನೂ ಹಾಕಿ ಆಡಿದವನೇ. ಆದರೆ ನಮ್ಮದು ಮಣ್ಣಿನ ಹಾಕಿ. ಮೈಸೂರಿನಲ್ಲಿ ಬೆಳಗಿನ ಧೂಳಿನಲ್ಲಿ ಮೊಣಕಾಲು ತರಚಿಕೊಂಡು ಯೂನಿವರ್ಸಿಟಿ ತಂಡದವರೆಗೆ ಫಾರ್ವರ್ಡ್ ಆಗಿ ಆಡಿದೆ, ಆಮೇಲೆ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾದೆ. ಹೆಂಡತಿ ಸುಷ್ಮಾಳನ್ನು ಅವಳ ಕಂಪನಿಯವರು ಜಪಾನಿಗೆ ಕಳಿಸಿದಾಗ ಮಗಳು ಅನ್ವಿಯ ಜೊತೆ ನಾನೂ ಹೊರಟುಬಂದೆ. ಟೋಕಿಯೋದ ಫುನಾಬೊರಿ ಬಡಾವಣೆಯಲ್ಲಿ ಮನೆ. ಸುತ್ತ ನಮ್ಮ ದೇಶದ ಸಂಸಾರಗಳು ಬೇಕಾದಷ್ಟು. ಬೆಳಿಗ್ಗೆ ಎಂಟಾದರೆ ಎಲ್ಲ ಗಂಡಸರೂ ಲ್ಯಾಪ್‌ಟಾಪ್ ಚೀಲ ಹೊತ್ತು ಸ್ಟೇಷನ್ನಿಗೆ ನಡೆಯುತ್ತಿದ್ದರು, ನಾನು ಕಸ ಬೇರ್ಪಡಿಸುತ್ತಾ ಮನೆಯಲ್ಲಿ. ಒಗ್ಗರಣೆ ಹಾಕಿದರೆ ಪಕ್ಕದ ಮನೆಯ ಅಜ್ಜಿ ಕೆಮ್ಮುತ್ತಿದ್ದರು, ಆ ಕೆಮ್ಮಿನಲ್ಲೂ ಒಂದು ಮರ್ಯಾದೆ ಇತ್ತು. ಊರಿನಲ್ಲಿ ನಾನು ಬೀದಿಗಿಳಿದರೆ ಹತ್ತು ಕಡೆಯಿಂದ 'ಸಾರ್' ಎಂಬ ಕೂಗು ಬರುತ್ತಿತ್ತು. ಇಲ್ಲಿ ಕೊಂಬಿನಿಯ, ಅಂದರೆ ಹಗಲೂ ರಾತ್ರಿ ತೆರೆದಿರುವ ಮೂಲೆ ಅಂಗಡಿಯ ಹುಡುಗಿ ಚೀಲ ಬೇಕಾ ಎಂದು ಕೇಳುವುದೊಂದೇ ದಿನದ ಮಾತುಕತೆ. ಮೊದಲ ವರ್ಷ ನನಗೆ ತುಂಬಾ ಬೇಜಾರಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅನ್ವಿಯನ್ನು ಸ್ಕೇಟಿಂಗ್ ಕ್ಲಾಸಿಗೆ ಸೇರಿಸಲು ಹೋದಾಗ ನಾನು ತಳ್ಳಿದ್ದು ಆ ದೊಡ್ಡ ಬಾಗಿಲನ್ನೇ. ಅವಳು ಕಲಿಯುವ ಹೊತ್ತು ಮುಗಿದ ಮೇಲೆ ಹಾಕಿ ಹುಡುಗರ ಅಭ್ಯಾಸ ಶುರುವಾಗುತ್ತಿತ್ತು. "ಅಪ್ಪ, ಹೋಗೋಣ, ಐ ಆಮ್ ಹಂಗ್ರಿ" ಎಂದು ಅವಳು ಕೈ ಜಗ್ಗುತ್ತಿದ್ದರೂ ನಾನು ಗಾಜಿಗೆ ಮೂಗು ಒತ್ತಿಕೊಂಡು ನಿಂತಿರುತ್ತಿದ್ದೆ. ಚೆಂಡಿನ ಬದಲು ಪಕ್ ಎಂಬ ಕರೀ ರಬ್ಬರಿನ ಬಿಲ್ಲೆ. ಓಟದ ಬದಲು ಜಾರಾಟ. ಆದರೆ ಗೋಲು ಹುಟ್ಟುವ ಜಾಗ ಮಾತ್ರ ಮೈಸೂರಿನಲ್ಲಿ ಹುಟ್ಟುತ್ತಿದ್ದ ಜಾಗವೇ.

ಒಂದು ಶನಿವಾರ ಬಿಳಿ ಹುಬ್ಬಿನ ಹಿರಿಯರೊಬ್ಬರು ಪಕ್ಕದಲ್ಲಿ ಬಂದು ನಿಂತರು. ಕುದೋ-ಸಾನ್. 'ಸಾನ್' ಅಂದರೆ ನಮ್ಮ 'ಅವರು' ಇದ್ದ ಹಾಗೆ, ಹೆಸರಿನ ಹಿಂದೆ ಸೇರಿಸದಿದ್ದರೆ ಅಗೌರವ. ಅವರು ಒಂದು ವೃತ್ತಿಪರ ಐಸ್ ಹಾಕಿ ಕ್ಲಬ್ಬಿಗೆ ಹೊಸ ಆಟಗಾರರನ್ನು ಹುಡುಕುವವರು.

"ಸುಮಿಮಾಸೆನ್," ಎಂದರು. ಕ್ಷಮಿಸಿ ಎನ್ನಲಿಕ್ಕೂ ಸ್ವಲ್ಪ ಕೇಳಿ ಎನ್ನಲಿಕ್ಕೂ ಇಲ್ಲಿ ಅದೇ ಮಾತು. "ಎಲ್ಲ ಅಪ್ಪಂದಿರೂ ಪಕ್ ನೋಡ್ತಾರೆ. ನೀವು ಯಾವಾಗಲೂ ಅದು ಇಲ್ಲದ ಕಡೆ ನೋಡ್ತಿರ್ತೀರಿ. ಯಾಕೆ?"

ನನ್ನ ಮುರುಕು ಜಪಾನಿಯಲ್ಲಿ, ಕೈಬಾಯಿ ಆಡಿಸಿ ಹೇಳಿದೆ. ನಮ್ಮ ಕೋಚ್ ಹಾಗೆ ಕಲಿಸಿದ್ದರು. ಚೆಂಡು ಬರುವ ಮೊದಲು ಯಾರ ಕುತ್ತಿಗೆ ತಿರುಗುತ್ತದೋ ಅವನೇ ಫಾರ್ವರ್ಡ್, ಚೆಂಡು ಬಂದ ಮೇಲೆ ತಿರುಗುವವನು ಪ್ರೇಕ್ಷಕ.

ಕುದೋ-ಸಾನ್ ತಲೆಯಾಡಿಸಿ ಹೊರಟುಹೋದರು. ಮುಂದಿನ ಶನಿವಾರ ಒಂದು ವಿಡಿಯೋ ಕ್ಯಾಮೆರಾ ತಂದು ನನ್ನ ಕೈಗಿಟ್ಟರು. ಹೀಗೆ ನನಗೆ ಈ ದೇಶದಲ್ಲಿ ಕೆಲಸ ಸಿಕ್ಕಿತು. ಮೊದಲು ಬಿಟ್ಟಿಯಾಗಿ, ಆಮೇಲೆ ವೀಸಾ ಬದಲಾಯಿಸಿಕೊಂಡು ಕಾಯಂ ಆಗಿ. ಎಳೆಯ ಫಾರ್ವರ್ಡ್‌ಗಳನ್ನು ನೋಡಿ, ಇವನು ಮುಂದೆ ವೃತ್ತಿ ಆಟಗಾರನಾದಾನೇ ಎಂದು ಅಂದಾಜು ಮಾಡುವುದು. ಎಷ್ಟು ಗೋಲು ಎನ್ನುವುದನ್ನು ಯಾರು ಬೇಕಾದರೂ ಹೇಳುತ್ತಾರೆ. ನಾವು ನೋಡಬೇಕಾದದ್ದು ಬೇರೆ. ನಿಂತಲ್ಲಿಂದ ಹೊರಡುವ ಮೊದಲ ಹೆಜ್ಜೆಗಳಲ್ಲಿ ಬಿರುಸಿದೆಯೇ, ಐಸಿನ ಅಂಚಿನ ಗೋಡೆಗೆ ಒತ್ತಿ ಹಿಡಿದಾಗ ಪಕ್ ಬಿಟ್ಟುಕೊಡುತ್ತಾನೆಯೇ, ಪಕ್ ಕಳೆದುಕೊಂಡ ಮೇಲೆ ಮುಖ ಬಾಡಿಸಿ ನಿಲ್ಲುತ್ತಾನೋ ಬೆನ್ನಟ್ಟಿ ವಾಪಸ್ ಓಡುತ್ತಾನೋ. ಅಕ್ಕಿ ಆರಿಸುವಾಗ ಅಮ್ಮ ಮೊರ ಕುಲುಕಿ ಕಣ್ಣು ಕಿರಿದು ಮಾಡುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಚಳಿಗಾಲದಲ್ಲಿ ಹೈಸ್ಕೂಲು ಪಂದ್ಯಗಳನ್ನು ನೋಡಲು ಹೊಕ್ಕಾಯಿದೋಗೆ ಹೋದೆವು. ಜಪಾನಿನಲ್ಲಿ ಐಸ್ ಹಾಕಿಯ ತವರುಮನೆ ಅದು. ನಾನು ಸಸ್ಯಾಹಾರಿ. ಇಲ್ಲಿ ಮೀನಿನ ಸಾರಿಲ್ಲದ ತಿಂಡಿ ಹುಡುಕುವುದು ಅಂದರೆ ಮರಳಲ್ಲಿ ಸಾಸಿವೆ ಹುಡುಕಿದಂತೆ. ಕುದೋ-ಸಾನ್ ಪ್ರತಿ ಕೊಂಬಿನಿಯಲ್ಲೂ ಕನ್ನಡಕ ಹಣೆಗೇರಿಸಿ ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದುತ್ತಿದ್ದರು. ಕೊನೆಗೆ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು ಒಳಗಿಟ್ಟ ಅನ್ನದ ಉಂಡೆ ಹಿಡಿದು ಬಂದು, "ರಘು-ಸಾನ್, ಇದರಲ್ಲಿ ಯಾವ ಜೀವವೂ ಇಲ್ಲ" ಎನ್ನುತ್ತಿದ್ದರು. ಉಪ್ಪಿನಕಾಯಿ ಅನ್ನವೇ ಅದು. ಹಿಮದಲ್ಲಿ ನಿಂತು ಅದನ್ನು ತಿನ್ನುವಾಗ ನನ್ನ ಕಣ್ಣು ತುಂಬಿಬಂದದ್ದು ಚಳಿಗೆ ಎಂದು ಹೇಳಿಕೊಂಡೆ, ಆದರೆ ಚಳಿಗಲ್ಲ. ಮನೆಯವರಲ್ಲದವರೊಬ್ಬರು ನನ್ನ ಊಟದ ಚಿಂತೆ ಮಾಡಿ ಬಹಳ ಕಾಲವಾಗಿತ್ತು.

ಅಲ್ಲಿ ರಿಕುವನ್ನು ಕಂಡದ್ದು. ಹೈಸ್ಕೂಲಿನ ಕೊನೆಯ ವರ್ಷದ ಫಾರ್ವರ್ಡ್, ತಂಡದಲ್ಲೆಲ್ಲ ಗಾತ್ರದಲ್ಲಿ ಚಿಕ್ಕವನು, ಜೆರ್ಸಿ ಮೊಣಕಾಲಿಗೆ ಬರುತ್ತಿತ್ತು. ಒಂದೂ ಗೋಲು ಹೊಡೆಯಲಿಲ್ಲ. ಆದರೆ ಪಕ್ ಅವನ ಕಡೆ ಹೊರಡುವ ಮೊದಲೇ ಅವನ ಕುತ್ತಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಬಿಡುತ್ತಿತ್ತು. ಗೋಲಿನ ಹಿಂದಿನಿಂದ, ನೋಡದೆಯೇ, ಖಾಲಿ ಜಾಗಕ್ಕೆ ಪಕ್ ತಳ್ಳಿದ. ಅಲ್ಲಿಗೆ ಬರಬೇಕಿದ್ದ ಗೆಳೆಯ ತಡವಾಗಿ ಬಂದ. ಜನಕ್ಕೆ ಅದು ತಪ್ಪು ಪಾಸ್. ನಾನು ಬೆಂಚಿನಿಂದ ಎದ್ದು ನಿಂತಿದ್ದೆ.

ಆಟ ಮುಗಿದ ಮೇಲೆ ಅವನ ತಾಯಿ ನಮಗೆ ಬಿಸಿ ಚಹಾ ತಂದುಕೊಟ್ಟು ಬಗ್ಗಿ ಬಗ್ಗಿ ಕ್ಷಮೆ ಕೇಳಿದರು. "ಚಿಕ್ಕವನು. ಹಾಯಾಉಮಾರೆ ನೋಡಿ, ಎಲ್ಲರಿಗಿಂತ ಹಿಂದೆ." ಇಲ್ಲಿ ಶಾಲೆಯ ವರ್ಷ ಏಪ್ರಿಲ್‌ಗೆ ಶುರು. ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದ ಮಕ್ಕಳಿಗೆ ಹಾಯಾಉಮಾರೆ ಅನ್ನುತ್ತಾರೆ, ಬೇಗ ಹುಟ್ಟಿದವರು ಎಂದರ್ಥ. ರಿಕು ಹುಟ್ಟಿದ್ದು ಮಾರ್ಚ್ ಕೊನೆಯಲ್ಲಿ. ಒಂದೇ ತರಗತಿಯಲ್ಲಿ ಏಪ್ರಿಲ್‌ನವನಿಗಿಂತ ಹತ್ತಿರಹತ್ತಿರ ಒಂದು ವರ್ಷಕ್ಕೆ ಚಿಕ್ಕವನು.

ನನಗೆ ನಗು ಬಂತು. ನಮ್ಮ ಕಾಲದವರಿಗೆ ಗೊತ್ತು, ನಮ್ಮಲ್ಲಿ ಅರ್ಧ ಜನರ ಹುಟ್ಟುಹಬ್ಬ ಜೂನ್ ಒಂದು. ವಯಸ್ಸು ಸಾಲದಿದ್ದರೂ ನನ್ನನ್ನೂ ಅಪ್ಪ ಕೈಹಿಡಿದು ಕರೆದುಕೊಂಡು ಹೋದರು, ಹೆಡ್‌ಮಾಸ್ಟರು ಜೂನ್ ಒಂದು ಎಂದು ಬರೆದು ಸೇರಿಸಿಕೊಂಡರು. ಕೂಸು ಹುಟ್ಟಿದ್ದು ಹೆಡ್‌ಮಾಸ್ಟರ ಪೆನ್ನಿನಿಂದ. ಹಾಗಾಗಿ ನಾನು ಸದಾ ನನಗಿಂತ ದೊಡ್ಡವರ ಜೊತೆ ಆಡಿದೆ. ರಾಜ್ಯ ತಂಡದ ಆಯ್ಕೆಯಲ್ಲಿ, 'ಇವನು ಇನ್ನೂ ಪುಟ್ಟಾಣಿ, ಮುಂದೆ ನೋಡೋಣ' ಎಂದು ಬೆನ್ನು ತಟ್ಟಿ ಕಳಿಸಿದರು. ಆ 'ಮುಂದೆ' ಬರಲೇ ಇಲ್ಲ.

ರಿಕುವಿಗೂ ಅದೇ ಗಂಡಾಂತರ. ಕ್ಲಬ್ಬಿನಲ್ಲಿ ಹೊಸ ಫಾರ್ವರ್ಡ್‌ಗೆ ಇದ್ದದ್ದು ಒಂದೇ ಜಾಗ. ಯೂನಿವರ್ಸಿಟಿಗೆ ಕಳಿಸುವ ಅನುಕೂಲ ಮನೆಯಲ್ಲಿರಲಿಲ್ಲ. ನಾವು ತೆಗೆದುಕೊಳ್ಳದಿದ್ದರೆ ಏಪ್ರಿಲ್‌ನಿಂದ ಅವನು ಅಪ್ಪನ ಮೀನಿನ ಅಂಗಡಿಯಲ್ಲಿ ನಿಲ್ಲುತ್ತಾನೆ, ಸ್ಕೇಟ್ ಮೊಳೆಗೆ ನೇತುಹಾಕುತ್ತಾನೆ.

ಆಯ್ಕೆಯ ಸಭೆಯಲ್ಲಿ ಸಹಾಯಕ ಕೋಚ್ ಇನ್ನೊಬ್ಬ ಹುಡುಗನ ಹೆಸರು ಹೇಳಿದರು. ಎತ್ತರದವನು, ಗೋಲುಗಳ ಸರದಾರ. ಎಲ್ಲರೂ ತಲೆಯಾಡಿಸಿದರು. ನಾನು ಸುಮ್ಮನಿರುವ ಆಸಾಮಿಯೇ? ಎದ್ದು ನಿಂತು, ವಿಡಿಯೋ ಹಾಕಿ, ಮೇಜು ಕುಟ್ಟಿ ವಾದಿಸಿದೆ. ಮಾರ್ಚ್‌ನಲ್ಲಿ ಹುಟ್ಟಿದ ರಿಕುವಿಗೆ ಇನ್ನೊಂದು ವರ್ಷದ ಬೆಳವಣಿಗೆ ಬಾಕಿಯಿದೆ, ಈ ಕಣ್ಣು ಕಲಿಸಿದರೆ ಬರುವಂಥದ್ದಲ್ಲ ಎಂದೆ. ಯಾರೂ ಎದುರಾಡಲಿಲ್ಲ. "ಹೌದಲ್ಲ" ಎಂದು ಒಬ್ಬರೆಂದರು. "ಸ್ವಲ್ಪ ಕಷ್ಟ, ಯೋಚಿಸೋಣ" ಎಂದು ಮ್ಯಾನೇಜರ್ ಹೇಳಿದರು. ಗೆದ್ದೆ ಎಂದು ಮೀಸೆ ತಿರುವಿಕೊಂಡು ಹೊರಬಂದೆ.

ವಾಪಸ್ ಬರುವಾಗ ಕಾರು ಓಡಿಸುತ್ತಿದ್ದ ಕುದೋ-ಸಾನ್ ಹೇಳಿದರು.

"ರಘು-ಸಾನ್, ಇವತ್ತು ನೀವು ರಿಕುವನ್ನು ಅರ್ಧ ಸೋಲಿಸಿದಿರಿ."

"ಯಾರೂ ಬೇಡ ಅನ್ನಲಿಲ್ಲವಲ್ಲ?"

"'ಸ್ವಲ್ಪ ಕಷ್ಟ' ಅಂದರೆ ಬೇಡ ಅಂತ. ಆ ಕೋಚ್ ಈಗ ನಿಮ್ಮ ಮಾತು ಒಪ್ಪಬೇಕಾದರೆ ಎಲ್ಲರ ಮುಂದೆ ತಮ್ಮ ಮಾತು ವಾಪಸ್ ತಗೋಬೇಕು. ಅವರಿಗೆ ಬಾಗಿಲೇ ಇಲ್ಲದ ಹಾಗೆ ಮಾಡಿಬಿಟ್ಟಿರಿ."

ಮನೆಗೆ ಬಂದು ಊಟಕ್ಕೆ ಕೂತವನು ನಡೆದದ್ದನ್ನೆಲ್ಲ ಹೇಳಿದೆ. ಸುಷ್ಮಾ ವಿಷಯ ಕೇಳಿ ಹೇಳಿದಳು, "ನೆಮಾವಾಶಿ ಮಾಡ್ಲಿಲ್ವಾ ರೀ? ನಮ್ಮ ಆಫೀಸಲ್ಲಿ ಅದಿಲ್ದೆ ಒಂದು ಮೇಲ್ ಕೂಡ ಹೋಗಲ್ಲ. ಮೀಟಿಂಗಲ್ಲಿ ಡಿಸೈಡ್ ಮಾಡೋದೇ ಇಲ್ಲ, ಆಗ್ಲೇ ಡಿಸೈಡ್ ಆಗಿರೋದನ್ನ ಕೂತು ಕೇಳೋದು ಅಷ್ಟೆ." ಮರವನ್ನು ಕಿತ್ತು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ನಿಧಾನಕ್ಕೆ ಮಣ್ಣು ಬಿಡಿಸುತ್ತಾರಂತೆ, ಆ ಕೆಲಸಕ್ಕೆ ನೆಮಾವಾಶಿ ಎಂದು ಹೆಸರು. ಸಭೆಗೆ ಮುಂಚೆ ಒಬ್ಬೊಬ್ಬರನ್ನೇ ಕಂಡು ಮಾತಾಡಿಕೊಳ್ಳುವುದಕ್ಕೂ ಅದೇ ಹೆಸರು. "ನಮ್ಮನ್ನ ಮಾತ್ರ ಹಾಗೆ ಬೇರು ಬಿಡಿಸದೆ ಎತ್ಕೊಂಡ್ ಬಂದು ಇಲ್ಲಿ ಇಟ್ರು ನೋಡಿ," ಎಂದು ಅವಳು ನಕ್ಕಳು. ನಗುತ್ತಲೇ ಸಾರು ಬಡಿಸಿದಳು.

ಯೋಚಿಸಿದರೆ ನಮಗೇನು ಹೊಸದೇ? ನಿಶ್ಚಿತಾರ್ಥಕ್ಕೆ ಎಲ್ಲರೂ ಜಮಖಾನದ ಮೇಲೆ ಕೂತು ತಾಂಬೂಲ ಬದಲಾಯಿಸುವ ಹೊತ್ತಿಗೆ ಸೋದರಮಾವ ನಾಲ್ಕು ಮನೆ ಸುತ್ತಿ ಎಲ್ಲ ಕುದುರಿಸಿರುತ್ತಾನೆ. ಕೂತ ಮೇಲೆ ಯಾರಾದರೂ ತಕರಾರು ತೆಗೆದರೆ ಮದುವೆಯೇ ಮುರಿಯುತ್ತದೆ. ನಾನು ಮಾಡಿದ್ದು ಅಂಥ ಘನಕಾರ್ಯವೇ.

ಕುದೋ-ಸಾನ್ ನನ್ನನ್ನು ಬಿಟ್ಟುಕೊಡಲಿಲ್ಲ. ಮುಂದಿನ ಸಭೆಗೆ ಮೊದಲು ನನ್ನನ್ನು ಒಬ್ಬೊಬ್ಬರ ಬಳಿಗೂ ಕರೆದೊಯ್ದರು. ಗೋಲ್‌ಕೀಪರುಗಳ ಕೋಚ್‌ರನ್ನು ಐಸ್ ಅಂಗಳದ, ಅಂದರೆ ರಿಂಕಿನ ಮೆಟ್ಟಿಲ ಮೇಲೆ, ಟ್ರೈನರನ್ನು ಅವರ ಮಸಾಜು ಕೋಣೆಯಲ್ಲಿ, ಕೊನೆಗೆ ಸಹಾಯಕ ಕೋಚ್‌ರನ್ನು ಒಂದು ನೂಡಲ್ ಅಂಗಡಿಯಲ್ಲಿ ಕಂಡೆವು. ನನಗೆ ಒಂದೇ ಕಟ್ಟಪ್ಪಣೆ. ವಾದ ಮಾಡಬಾರದು, ವಿಡಿಯೋ ತೋರಿಸಿ ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಳ್ಳಬೇಕು. ನನ್ನಂಥ ಬಾಯಿಬಡುಕನಿಗೆ ಅದಕ್ಕಿಂತ ಶಿಕ್ಷೆಯಿಲ್ಲ.

"ಇಲ್ಲಿ ಇವನು ಏನು ನೋಡ್ತಿರಬಹುದು?" ಎಂದು ಫೋನು ಮೇಜಿನ ಮೇಲಿಟ್ಟೆ.

ಸಹಾಯಕ ಕೋಚ್ ನೂಡಲ್ ಬಿಟ್ಟು ನೋಡಿದರು. ಮತ್ತೆ ಹಿಂದಕ್ಕೆ ಎಳೆದು ನೋಡಿದರು. ನಾಲಿಗೆ ತುದಿಗೆ ಬಂದ ಉತ್ತರವನ್ನು ನಾನು ನೀರು ಕುಡಿದು ನುಂಗಿದೆ. ಅವರು ನಿಧಾನಕ್ಕೆ ಹೇಳಿದರು, "ಪಕ್ ಇನ್ನೂ ಹೊರಟಿಲ್ಲ. ಕುತ್ತಿಗೆ ಆಗಲೇ ತಿರುಗಿದೆ. ಗೆಳೆಯ ಬರುವ ಜಾಗ ಇವನಿಗೆ ಗೊತ್ತು." ಫೋನು ನನ್ನತ್ತ ತಳ್ಳಿ ಕೇಳಿದರು, "ಮಾರ್ಚ್‌ನಲ್ಲಿ ಹುಟ್ಟಿದವನು ಅಂದಿರಾ?"

ಎರಡನೆಯ ಸಭೆ ಚಹಾ ಆರುವಷ್ಟರಲ್ಲಿ ಮುಗಿಯಿತು. ರಿಕುವಿನ ಹೆಸರು ಹೇಳಿದವರು ಆ ಸಹಾಯಕ ಕೋಚೇ. ನಾನು ಒಂದು ಅಕ್ಷರ ಮಾತಾಡಲಿಲ್ಲ. ಎತ್ತರದ ಹುಡುಗನಿಗೆ ಯೂನಿವರ್ಸಿಟಿ ತಂಡದಿಂದ ಆಗಲೇ ಕರೆ ಬಂದಿತ್ತು ಎಂದು ಆಮೇಲೆ ತಿಳಿಯಿತು, ಆ ಕುಟುಂಬದ ಜೊತೆಗೂ ಕುದೋ-ಸಾನ್ ಮೊದಲೇ ಮಾತಾಡಿದ್ದರು. ರಿಕು ಈಗ ನಮ್ಮ ಕ್ಲಬ್ಬಿನಲ್ಲಿದ್ದಾನೆ. ಬೆಂಚಿನ ಮೇಲೆ ಕೂರುವ ಹೊತ್ತೇ ಹೆಚ್ಚು, ಐಸಿಗೆ ಇಳಿಯುವುದು ಆಗೊಮ್ಮೆ ಈಗೊಮ್ಮೆ. ನನ್ನ ಅಂದಾಜು ಸರಿಯೋ ತಪ್ಪೋ ಇನ್ನು ಕೆಲವು ವರ್ಷ ಗೊತ್ತಾಗುವುದಿಲ್ಲ. ಆದರೆ ಅವನ ಜೆರ್ಸಿ ಈಗ ಮೊಣಕಾಲಿನವರೆಗೆ ಬರುವುದಿಲ್ಲ.

ಹೋದ ರಜೆಯಲ್ಲಿ ಮೈಸೂರಿಗೆ ಹೋಗಿದ್ದೆ. ಹಳೆಯ ಗೆಳೆಯ ನಟೇಶ ಅಲ್ಲಿ ಹಾಕಿ ಕೋಚ್. ಹುಡುಗರ ಆಯ್ಕೆಗೆ ನನ್ನನ್ನೂ ಕೂರಿಸಿಕೊಂಡ. ಒಬ್ಬ ಸಣ್ಣ ಫಾರ್ವರ್ಡ್ ಕಣ್ಣಿಗೆ ಬಿದ್ದ. ಕುತ್ತಿಗೆ ತಿರುಗಿಸುವವನು. ನಾನು ಕಲಿತ ವಿದ್ಯೆ ಬಿಡಲುಂಟೇ? ಸಭೆಗೆ ಮುಂಚೆ ಒಬ್ಬೊಬ್ಬ ಆಯ್ಕೆಗಾರನನ್ನೂ ಚಹಾದಂಗಡಿ ಹತ್ತಿರ ಕರೆದು ಮೆಲ್ಲಗೆ ಮಾತಾಡಿದೆ. ನಟೇಶ ನನ್ನ ತೋಳು ಹಿಡಿದು ಪಕ್ಕಕ್ಕೆಳೆದ.

"ಲೋ ರಘು, ಆ ಹುಡ್ಗ ನಿಮ್ ಸಂಬಂಧಿಕನಾ?"

"ಇಲ್ವೋ. ಯಾಕೆ?"

"ಜಪಾನಿಂದ ಬಂದು ವಶೀಲಿ ಮಾಡ್ತಾವ್ನೆ ಅಂತ ಆಗ್ಲೇ ಮಾತಾಡ್ಕೊತಾವ್ರೆ ಕಣೋ. ಏನಿದ್ರೂ ಮೀಟಿಂಗಲ್ಲಿ ಎಲ್ಲಾರ್ ಎದ್ರುಗೇ ಕೂಗಾಡು. ಹಿಂಗೆ ಗುಸುಗುಸು ಅಂದ್ರೆ ಹುಡುಗನ ಗತಿ ನೆಟ್ಟಗಾಗಲ್ಲ."

ಜಪಾನಿನಲ್ಲಿ ಕೂಗಿದರೆ ಕೆಡುತ್ತದೆ, ಊರಿನಲ್ಲಿ ಪಿಸುಗುಟ್ಟಿದರೆ ಕೆಡುತ್ತದೆ. ಸಭೆಯಲ್ಲಿ ಎದ್ದು ಗಂಟಲೇರಿಸಿದೆ, ಹಳೆಯ ರಘುವಿನಂತೆ. ನಡುವೆ ಒಬ್ಬರ ಮಾತು ಕತ್ತರಿಸುವಾಗ ಅರಿವಿಲ್ಲದೆ "ಸುಮಿಮಾಸೆನ್" ಎಂದುಬಿಟ್ಟೆ, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆ ನಗುವಿನಲ್ಲೇ ಬಿಗಿ ಸಡಿಲವಾಯಿತು, ಹುಡುಗನ ಹೆಸರು ಸೇರಿತು. ನನ್ನ ಊರಿಗೆ ನಾನು ಕೃತಜ್ಞ, ಕುದೋ-ಸಾನ್‌ಗೂ ಕೃತಜ್ಞ. ಎರಡು ಕಡೆಯೂ ಉಪ್ಪು ತಿಂದಿದ್ದೇನೆ. ಯಾವ ಕಡೆಗೆ ಪೂರ್ತಿ ಸೇರಿದವನು ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ.

ಆಟದ ದಿನಗಳಲ್ಲಿ ನಾವು ಮೈದಾನಕ್ಕೆ ಇಳಿಯುವಾಗ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಈಗ ಟೋಕಿಯೋದ ರಿಂಕಿಗೆ ಹೋದಾಗ ನಾನು ಬಗ್ಗಿ ಐಸ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇನೆ, ಹುಡುಗರು ವಿಚಿತ್ರವಾಗಿ ನೋಡುತ್ತಾರೆ. ಆ ಸಂಜೆ ಮೈಸೂರಿನಲ್ಲಿ ಹುಡುಗರೆಲ್ಲ ಹೋದ ಮೇಲೆ ನಟೇಶನ ಸ್ಕೂಟರಿನತ್ತ ಹೊರಟವನು ಗೇಟಿನ ಬಳಿ ನಿಂತೆ. ತಿರುಗಿದೆ. ಕಾಲು ಜೋಡಿಸಿ, ಕೈ ತೊಡೆಗೆ ಒತ್ತಿ, ಖಾಲಿ ಮೈದಾನಕ್ಕೆ ಸೊಂಟ ಬಗ್ಗಿಸಿದೆ.

ನಟೇಶ ಸ್ಕೂಟರ್ ನಿಲ್ಲಿಸಿ ನೆಲ ನೋಡುತ್ತಾ ಬಂದ. "ಏನ್ ಬೀಳಿಸ್ಕೊಂಡ್ಯೋ?"

"ಏನಿಲ್ಲ, ನಡಿ," ಎಂದೆ. ಅವನು ಆದರೂ ಸ್ವಲ್ಪ ಹೊತ್ತು ಹುಡುಕಿದ.