ಬಂದ್ ಮಾಡ್ರಿ ಎಂದ ಕೂಗು

1983ರ ನವೆಂಬರ್ 19, ಶನಿವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಖಾನಾಪುರದ ಒಂದು ಶಾಲೆಯಲ್ಲಿ ಕಣ್ಣಿನ ಆಪರೇಷನ್ ಕ್ಯಾಂಪ್ ನಡೆದಿದ್ದಾಗ ಕರೆಂಟ್ ಹೋಯಿತು. ಆ ಹೊತ್ತನ್ನು ಬರೆದುಕೊಂಡದ್ದು ನಾನೇ. ಆಗ ನನಗೆ ಹತ್ತೊಂಬತ್ತು. ಬೆಳಗಾವಿಯ ಕಾಲೇಜಿನಿಂದ ಸೇವೆಗೆಂದು ಬಂದ ಆರು ಜನರಲ್ಲಿ ನಾನೂ ಒಬ್ಬಳು. ಅಷ್ಟರಲ್ಲಿ ಎಂಟು ಆಪರೇಷನ್ ಮುಗಿದಿದ್ದವು. ಮೂರನೆಯದು ನನ್ನ ಅಜ್ಜಿಯದು.

ಜನರೇಟರ್ ಬೆಳಗಾವಿಯ ಆಟೋ ನಗರದಿಂದ ಟೆಂಪೋದಲ್ಲಿ ಮೊದಲೇ ಬಂದಿತ್ತು. ಪೆಟ್ರೋಲಿನಲ್ಲಿ ಶುರುವಾಗಿ ಆಮೇಲೆ ಸೀಮೆಎಣ್ಣೆಯಲ್ಲಿ ಓಡುವ, ಇಬ್ಬರು ಎತ್ತಬಹುದಾದ ಯಂತ್ರ. ಜೊತೆಗೆ ಒಬ್ಬ ಮಿಸ್ತ್ರಿ, ಕುಳ್ಳಗಿನ ಮನುಷ್ಯ, ನಲವತ್ತೈದರ ಆಸುಪಾಸು. ಅವರು ಮೊದಲು ಶಾಲೆಯ ಮೇನ್ ಸ್ವಿಚ್ ಆರಿಸಿ, ಫ್ಯೂಜ್ ಕಿತ್ತು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. ಯಾಕೆ ಎಂದು ಕೇಳಿದೆ.

"ಲೈನ್‌ಮನ್ ಎಲ್ಲೋ ಕಂಬಾ ಹತ್ತಿರತಾನ, ತಂಗಿ. ನಮ್ಮ ಕರೆಂಟ್ ತಿರುಗಿ ಲೈನಿಗೆ ಹೋಗಿ ಅವನ ಕೈ ಹಿಡೀಬಾರ್ದು."

ಆಮೇಲೆ ಕಟ್ಟಡದಿಂದ ಇಪ್ಪತ್ತು ಹೆಜ್ಜೆ ಎಣಿಸುತ್ತ ಮೈದಾನಕ್ಕೆ ಹೋದರು. ಚಿಟಿಕೆ ಮಣ್ಣು ಮೇಲಕ್ಕೆ ತೂರಿ ಗಾಳಿ ಯಾವ ಕಡೆಗಿದೆ ಎಂದು ನೋಡಿದರು. ಹೊಗೆಯ ಬಾಯಿ ಕಿಟಕಿಗಳಿಗೆ ಬೆನ್ನಾಗುವಂತೆ ಯಂತ್ರವನ್ನಿಟ್ಟರು. ಹೆಡ್ ಮಾಸ್ತರರಿಗೆ ನಗು ತಡೆಯಲಿಲ್ಲ.

"ಅಲ್ರೀ ಮಿಸ್ತ್ರಿ, ಮದಲ ಹೇಳಿದ್ರ ಬೆಳಗಾವ್ಯಾಗ ಇಟ್ಟು ಇಲ್ಲೀತನಕಾ ವಾಯರ್ ಎಳೀತಿದ್ವಿ!"

"ವಾಯರ್ ಸಾಲತಿತ್ತಂದ್ರ ಅದನ್ನೂ ಮಾಡ್ತಿದ್ನಿ, ಸರ್. ಇದರ ಉಸರು ಮನಶ್ಯಾರಿಗೆ ಇಷಾ."

10.31ಕ್ಕೆ ದೀಪ ಹತ್ತಿತು. ಹನ್ನೊಂದು ನಿಮಿಷವಷ್ಟೇ. ಅದನ್ನು ಬರೆದು ಅಡಿಗೆರೆ ಎಳೆದೆ.

ಹನ್ನೊಂದಕ್ಕೆ ಮೋಡ ಕವಿಯಿತು. ಯಂತ್ರದ ಮೇಲೆ ಮಾಡು ಕಟ್ಟಲು ತಗಡು ತರುತ್ತೇನೆಂದು ಮಿಸ್ತ್ರಿ ಹೊರಟರು. "ಯಾರೂ ಮುಟ್ಟಬ್ಯಾಡ್ರಿ" ಎಂದೂ ಹೇಳಿದರು. ಆದರೆ ಮಳೆ ಅವರಿಗಿಂತ ಮೊದಲೇ ಬಂತು. ಆಪರೇಷನ್ ನಡುವೆ ದೀಪ ಆರೀತೆಂದು ಗಾಬರಿಯಾದ ಹೆಡ್ ಮಾಸ್ತರರು ಓಡುತ್ತಿದ್ದ ಯಂತ್ರವನ್ನೇ ನಾಲ್ವರಿಂದ ಎತ್ತಿಸಿ, ಸಾಮಾನಿನ ಕೋಣೆಯಲ್ಲಿ ಇಡಿಸಿದರು. ಆ ನಾಲ್ವರಲ್ಲಿ ನಾನೂ ಇದ್ದೆ. ಗಂಟೆ 11.08.

ಆ ಕೋಣೆಯ ಪಕ್ಕದಲ್ಲೇ ಆಪರೇಷನ್ ಆದವರು ಜಮಖಾನೆಗಳ ಮೇಲೆ ಸಾಲಾಗಿ ಮಲಗಿದ್ದರು. ಕಣ್ಣಿಗೆ ಪಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ. ಕೆಮ್ಮಬಾರದು, ಏಳಬಾರದು ಎಂದು ಅಪ್ಪಣೆ. ನಡುವೆ ಗೋಡೆಯೇನೋ ಇತ್ತು, ಆದರೆ ಅದು ಹೆಂಚಿನವರೆಗೆ ಏರಿರಲಿಲ್ಲ. ಹಳೆಯ ಶಾಲೆಗಳಲ್ಲಿ ಹಾಗೆಯೇ. ಈಚೆ ಮಗ್ಗಿ ಹೇಳಿದರೆ ಆಚೆ ಕೇಳುತ್ತದೆ. ಮಗ್ಗಿ ಹೋಗುವ ದಾರಿಯಲ್ಲಿ ಹೊಗೆಯೂ ಹೋಗುತ್ತದೆಂದು ನಮಗಾರಿಗೂ ಹೊಳೆಯಲಿಲ್ಲ.

11.25ಕ್ಕೆ ಅಜ್ಜಿ ನನ್ನ ಕೈ ಹಿಡಿದಳು. "ತಲಿ ಗಿರ್ ಅನ್ನಾಕತ್ತೈತಿ, ಯವ್ವಾ. ಮುಂಜಾನಿಂದ ಚಾ ಇಲ್ಲ, ಅದಕ್ಕ ಇರಬೇಕು." ಪಕ್ಕದ ಮುದುಕ ತನಗೂ ಹಾಗೇ ಆಗಿದೆ ಎಂದ. ಎಲ್ಲರೂ ಉಪವಾಸವಲ್ಲವೇ ಎಂದುಕೊಂಡು ನಾನು ಹೊರಗೆ ಬಂದೆ.

ಮೈದಾನದ ಆಚೆ ತುದಿಯಲ್ಲಿ ಮಿಸ್ತ್ರಿ ತಲೆಯ ಮೇಲೆ ತಗಡು ಹೊತ್ತು ಮಳೆಯಲ್ಲಿ ಓಡಿ ಬರುತ್ತಿದ್ದರು. ಯಂತ್ರದ ಸದ್ದು ಗೋಡೆಯೊಳಗಿನಿಂದ ಬರುತ್ತಿದೆಯೆಂದು ದೂರದಿಂದಲೇ ಅವರಿಗೆ ಗೊತ್ತಾಗಿತ್ತು.

"ಬಂದ್ ಮಾಡ್ರಿ! ಬಂದ್ ಮಾಡ್ರೋ!"

ಎರಚಲು ಒಳಗೆ ಬರುತ್ತಿದೆ, ಅದಕ್ಕೇ ಕೂಗುತ್ತಿದ್ದಾರೆ ಎಂದು ತಿಳಿದು ನಾನು ಓಡಿಹೋಗಿ ಆ ಕೋಣೆಯ ಬಾಗಿಲನ್ನು ಬಂದ್ ಮಾಡಿದೆ. ಚಿಲಕವನ್ನೂ ಹಾಕಿದೆ.

ನಮ್ಮ ಕಡೆ ಅಂಗಡಿಯೂ ಬಂದ್, ಬಾಗಿಲೂ ಬಂದ್, ಯಂತ್ರವೂ ಬಂದ್. ಕನ್ನಡ ಮಾತಾಡುವವರಿಗೂ ಮರಾಠಿ ಮಾತಾಡುವವರಿಗೂ ಅದೊಂದೇ ಮಾತು. ಹೊಗೆ ಹೊರಹೋಗಲು ಇದ್ದ ಒಂದೇ ದಾರಿಯನ್ನು ನಾನು ಮುಚ್ಚಿದ್ದೆ.

ಮಿಸ್ತ್ರಿ ತಗಡು ಎಸೆದು ಬಂದರು. ಬೈಯಲಿಲ್ಲ. "ಯಾರೂ ನನ್ನ ಹಿಂದ ಬರಬ್ಯಾಡ್ರಿ" ಎಂದು ಹೊರಗೇ ಉಸಿರು ತುಂಬಿಕೊಂಡು, ಬಾಗಿಲು ತೆಗೆದು ನುಗ್ಗಿ, ಯಂತ್ರ ನಿಲ್ಲಿಸಿ ಹೊರಬಂದರು. ಆಮೇಲೆಯೇ ಉಸಿರು ಬಿಟ್ಟದ್ದು. ಆಪರೇಷನ್ ಕೋಣೆ ಕಟ್ಟಡದ ಇನ್ನೊಂದು ತುದಿಯಲ್ಲಿತ್ತು. ಅಲ್ಲಿ ಕತ್ತಲಾಯಿತು, ಡಾಕ್ಟರರು ಬ್ಯಾಟರಿಯ ಬೆಳಕಿನಲ್ಲಿ ಹೊಲಿಗೆ ಮುಗಿಸಿದರು.

"ಕಿಡಕಿ ಎಲ್ಲಾ ತಗೀರಿ! ಜಮಖಾನಿ ನಾಕೂ ಮೂಲಿ ಹಿಡದು ಎತ್ತರಿ. ತಲಿ ಹಿಡ್ಯಾಕ ಒಬ್ರು ಬ್ಯಾರೆ. ಅಲುಗಬಾರ್ದು!"

ಮಲಗಿದ್ದವರೆಲ್ಲರನ್ನೂ ವರಾಂಡಕ್ಕೆ ತಂದೆವು. ಅಜ್ಜಿಯ ತಲೆಯನ್ನು ಮಿಸ್ತ್ರಿಯೇ ಹಿಡಿದರು, ತುಂಬಿದ ತಟ್ಟೆ ಹಿಡಿದಂತೆ. ವಾಂತಿಯಾದರೆ ಹೊಲಿಗೆ ಹರಿಯುತ್ತದೆಂದು ಡಾಕ್ಟರರು ಹೇಳಿದ್ದರು. ಅಜ್ಜಿ ಹಲ್ಲು ಕಚ್ಚಿ ತಡೆದುಕೊಂಡಳು. ಅವಳ ಮುಖದ ಬಣ್ಣ ತಿಳಿಯಾಗುವವರೆಗೆ ನಾನು ಗಡಿಯಾರ ನೋಡಲೇ ಇಲ್ಲ. ಡೈರಿಯಲ್ಲಿ ಆ ಹೊತ್ತು ಖಾಲಿಯಿದೆ.

ಮಿಸ್ತ್ರಿ ಮತ್ತೆ ಇಪ್ಪತ್ತು ಹೆಜ್ಜೆ ಎಣಿಸಿದರು. ಕೆಳಗೆ ಹಲಗೆ, ಮೇಲೆ ನಾಲ್ಕು ಗಳಗಳ ಮೇಲೆ ತಗಡು, ನಾಲ್ಕೂ ಬದಿ ಬಯಲು. ಟ್ಯಾಂಕಿನಲ್ಲಿ ಎಣ್ಣೆ ತಳ ಕಂಡಿತ್ತು, ಆದರೂ ಕೈ ಒರೆಸಿಕೊಂಡು ಸುಮ್ಮನೆ ಕೂತರು. ಕಾಂಪೌಂಡರ್ ಓಡಿ ಬಂದ.

"ಎಣ್ಣಿ ಹಾಕ್ರೀ, ಡಾಕ್ಟರ್ ಕಾಯಾಕತ್ತಾರ!"

"ಇಂಜಿನ್ನೂ ಕಾದೈತೋ ಮಾರಾಯಾ. ಬಿಸಿ ಇದ್ದಾಗ ಎಣ್ಣಿ ಸುರದ್ರ ಡಾಕ್ಟರು ನಮಗ ಪಟ್ಟಿ ಕಟ್ಟಬೇಕಾಗತೈತಿ."

ಇಪ್ಪತ್ತು ನಿಮಿಷ ಕಾದರು. ಆ ಬಿಡುವಿನಲ್ಲಿ ನಮ್ಮನ್ನು ಕರೆದು ಪಾಠ ಮಾಡಿದರು. ಬಾಗಿಲಾದರೆ "ಹಾಕ್ರಿ", ಯಂತ್ರವಾದರೆ "ಆರಸ್ರಿ". ಬಂದ್ ಎಂಬ ಮಾತು ಇನ್ನು ಮೈದಾನದಲ್ಲಿ ಬೇಡ. "ತಪ್ಪು ನಿಂದಲ್ಲ, ತಂಗಿ. ನಾ ಎರಡ ಅರ್ಥದ ಮಾತು ಒದರಿದ್ನಿ." ಆರೂ ಜನರಿಂದ ಹೇಳಿಸಿದರು, ಹೆಡ್ ಮಾಸ್ತರರಿಂದಲೂ.

ಏಳನೆಯ ದಿನ ಪಟ್ಟಿ ಬಿಚ್ಚಿದರು. ಮಿಸ್ತ್ರಿ ಯಂತ್ರ ಒಯ್ಯಲು ಬಂದಿದ್ದರು. ಅಜ್ಜಿ ಕಣ್ಣು ಕಿರಿದು ಮಾಡಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಅಷ್ಟ ದೊಡ್ಡ ದನಿ ಅಂದ್ರ ಭೀಮ ಇರಬೇಕಂತ ತಿಳದಿದ್ನಿ. ನನ್ನಷ್ಟ ಗಿಡ್ಡ ಅದಿಯಲ್ಲೋ, ಯಪ್ಪಾ!"

"ಕಣ್ಣ ಬಂದೂವು ಬಿಡ, ಆಯಿ," ಎಂದು ಅವರು ನಕ್ಕರು.

ಅವರಿಗೆ ಈ ಶಿಸ್ತು ಕಲಿಸಿದವರು ಯಾರು, ಇಪ್ಪತ್ತು ಹೆಜ್ಜೆಯ ಲೆಕ್ಕ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಆ ವರ್ಷಗಳಲ್ಲಿ ಬೆಳಗಾವಿ, ಖಾನಾಪುರದ ಕಡೆ ಇಂಥ ಯಂತ್ರ ನಡೆಸಿದವರು ಓದುಗರಲ್ಲಿ ಇದ್ದರೆ, ನೀವು ಎಷ್ಟು ದೂರ ಇಡುತ್ತಿದ್ದಿರಿ, ನಿಲ್ಲಿಸಲು ಯಾವ ಮಾತು ಕೂಗುತ್ತಿದ್ದಿರಿ ಎಂಬುದನ್ನು ದಯವಿಟ್ಟು ಬರೆದು ತಿಳಿಸಿ.