ಸಿದ್ಧಕಟ್ಟೆಯಲ್ಲಿ ಇಳಿಸಿದ ಮಗು

ಬನ್ಸ್ ಕರಿಯುವ ವಾಸನೆ ಬಂದರೆ ಎಲ್ಲರಿಗೂ ಹಸಿವಾಗುತ್ತದೆ, ನನಗೆ ಸಿಟ್ಟು ಬರುತ್ತದೆ. ಕಳಿತ ಬಾಳೆಹಣ್ಣು, ಜೀರಿಗೆ, ಕಾದ ಎಣ್ಣೆ ಸೇರಿದ ಆ ಸಿಹಿ ಘಮ ನನ್ನನ್ನು ಏಳು ವರ್ಷದ ಹುಡುಗಿಯನ್ನಾಗಿ ಮಾಡಿ ಸಿದ್ಧಕಟ್ಟೆಯ ಹೋಟೆಲಿನ ಬೆಂಚಿನ ಮೇಲೆ ಕೂರಿಸುತ್ತದೆ. ಐವತ್ತರ ದಶಕದ ಕೊನೆ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬಸ್ಸು ಅಲ್ಲಿ ನಿಂತು, ಇಂಜಿನ್ನಿಗೆ ನೀರು ಹೊಯ್ಯಿಸಿಕೊಂಡು ಮುಂದೆ ಹೊರಡುತ್ತಿತ್ತು. ಪಕ್ಕದಲ್ಲಿ ಕೂತ ಅಪ್ಪ ನನ್ನ ಬನ್ಸನ್ನು ಮುರಿದು ಊದಿ ಊದಿ ಆರಿಸುತ್ತಿದ್ದರು.

ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಮನೆಗೆ ಸೇರಿದವರು, ಅಧಿಕಾರ ಸೋದರಮಾವನದು. ಮೂಡುಬಿದಿರೆಯಲ್ಲಿ ಮಾಸ್ಟ್ರಾಗಿದ್ದ ಅಪ್ಪ ಶನಿವಾರ ಬಂದು ಸೋಮವಾರ ಹೋಗುವ ನೆಂಟ. ಬಂದಾಗಲೆಲ್ಲ ನೆಂಟರಿಗೆ ಕೊಡುವ ಹಾಗೆ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. ಹೆಂಡತಿ ಮಗುವನ್ನು ಬಾಡಿಗೆ ಮನೆಗೆ ಕರೆದೊಯ್ಯುತ್ತೇನೆ ಎಂದು ಒಮ್ಮೆ ಕೇಳಿದ್ದಕ್ಕೆ ಮಾವ ಅವರೊಡನೆ ಮಾತೇ ಬಿಟ್ಟಿದ್ದರು. ಆ ವರ್ಷ ಅಪ್ಪನ ತಾಯಿ ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿ ಹಾಸಿಗೆ ಹಿಡಿದರು. ತೊಟ್ಟಿಲಲ್ಲಿ ಒಂದೇ ಒಂದು ಸಲ ಕಂಡ ಮೊಮ್ಮಗಳನ್ನು ಕಣ್ಣು ಮುಚ್ಚುವ ಮೊದಲು ನೋಡಬೇಕೆಂದು ಅವರ ಆಸೆ. ಮಾವ ಬೆಳ್ತಂಗಡಿಗೆ ಹೋದ ದಿನ ನೋಡಿ ಅಮ್ಮ ನನ್ನ ತಲೆ ಬಾಚಿ, ಹಸಿರು ಲಂಗ ತೊಡಿಸಿ, ಅಪ್ಪನ ಜೊತೆ ಕಳಿಸಿದರು. ತಾವು ಬರಲಿಲ್ಲ. ಅಣ್ಣನ ಅಪ್ಪಣೆ ಇಲ್ಲದೆ ಹೊಸ್ತಿಲು ದಾಟುವ ಧೈರ್ಯ ಅವರಿಗೆ ಕೊನೆಯವರೆಗೂ ಬರಲಿಲ್ಲ.

ಹೋಟೆಲಿನ ಯಜಮಾನರಿಗೆ ಮಾವನ ಪರಿಚಯ. "ಈ ಮಗು ಯಾವ ಮನೆಯದ್ದು?" ಎಂದು ಕೇಳಿದರು.

"ನನ್ನ ಮಗಳು," ಎಂದರು ಅಪ್ಪ.

"ಅದು ಸರಿ ಮಾಸ್ಟ್ರೇ, ಮನೆ ಯಾವುದು?"

ನಾನೇ ನಮ್ಮ ಮನೆಯ ಹೆಸರು ಹೇಳಿದೆ. ಯಾರು ಕೇಳಿದರೂ ಹಾಗೆ ಹೇಳಬೇಕೆಂದು ಕಲಿಸಿದ್ದರು.

"ತಾಯಿ ಎಲ್ಲಿ? ತಾಯಿಯೂ ಜೊತೆಗಿಲ್ಲ, ಇವಳ ಮಾವನ ಒಪ್ಪಿಗೆಯಾದರೂ ಉಂಟಾ? ನಾಳೆ ಅವರು ಬಂದು ಕೇಳಿದರೆ ನಾನು ಏನು ಹೇಳುವುದು ಮಾರಾಯ್ರೆ?"

ಅಪ್ಪ ತಮ್ಮ ತಾಯಿಯ ಸ್ಥಿತಿ ಹೇಳಿದರು, ಕೈಮುಗಿದರು. ಮಾವನ ಹೆಸರು ಕೇಳಿದ ಕಂಡಕ್ಟರ್ ನನ್ನನ್ನು ಹತ್ತಿಸಿಕೊಳ್ಳುವುದಿಲ್ಲ ಎಂದುಬಿಟ್ಟ. ಸ್ವಂತ ಮಗಳನ್ನು ಕರೆದುಕೊಂಡು ಹೊರಟವರನ್ನು ಮಕ್ಕಳ ಕಳ್ಳನ ಹಾಗೆ ನಿಲ್ಲಿಸಿದರು. ಬೆಂಚುಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದ ದೊಡ್ಡ ಮನುಷ್ಯರಲ್ಲಿ ಒಬ್ಬರ ಬಾಯಿಂದಲೂ "ಹೋಗಲಿ ಬಿಡಿ" ಎಂಬ ಮಾತು ಬರಲಿಲ್ಲ. ಬೆಂಕಿ ಬೀಳಲಿ ಅವರ ಮರ್ಯಾದೆಗೆ.

ಬಂಟ್ವಾಳದ ಕಡೆಗೆ ಹೋಗುವ ಬಸ್ಸು ಬಂದಾಗ ನಮ್ಮೂರಿನ ಒಬ್ಬ ಹೆಂಗಸಿನ ಪಕ್ಕ ನನ್ನನ್ನು ಕೂರಿಸಿದರು. "ಹೋಗು ಮಗಾ, ನಾನು ಬರ್ತೇನೆ," ಎಂದು ಹೇಳಿ ಅಪ್ಪ ಮೂಡುಬಿದಿರೆಯ ಬಸ್ಸು ಹತ್ತಿದರು. ಅವರ ಮೇಲೂ ನನಗೆ ಸಿಟ್ಟುಂಟು. ಒಂದು ಸಲ ಗದರಬಹುದಿತ್ತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದೇ ಹೋಗಬಹುದಿತ್ತು. ಅಷ್ಟು ಒಳ್ಳೆಯವರಾಗಿ ಅವರಿಗೆ ಸಿಕ್ಕಿದ್ದಾದರೂ ಏನು?

ಆ ವಾರವೇ ಅಜ್ಜಿ ತೀರಿಕೊಂಡ ಸುದ್ದಿ ಬಂತು. "ಅವರ ಕುಟುಂಬ ಬೇರೆ. ನಮಗೆ ಸೂತಕ ಇಲ್ಲ, ಬಡಿಸಿ," ಎಂದರು ಮಾವ. ಅಮ್ಮ ತಲೆ ತಗ್ಗಿಸಿ ಬಂಗುಡೆ ಮೀನಿನ ಸಾರು ಬಡಿಸಿದರು. ನಾನೂ ಉಂಡೆ.

ಆ ಮನೆ ಈಗಿಲ್ಲ. ಪಾಲಾಯಿತು, ಮಾರಾಟವಾಯಿತು, ಮಾವ, ಅಮ್ಮ, ಅಪ್ಪ ಒಬ್ಬೊಬ್ಬರಾಗಿ ಹೋದರು. ನಿಮ್ಮ ಬಾಲ್ಯದ ಮನೆಯೂ ಹೀಗೇ ಹೋಗಿರಬಹುದು, ನೀವು ಅದಕ್ಕಾಗಿ ಅತ್ತಿರಲೂಬಹುದು. ನಾನು ಅಳಲಿಲ್ಲ. ನನಗೆ ಅಳು ಬರುವುದು ಮುಖವೇ ಗೊತ್ತಿಲ್ಲದ ಆ ಒಬ್ಬ ಅಜ್ಜಿಗಾಗಿ.

ಸೂತಕ ಕಳೆದು ಅಪ್ಪ ಬಂದ ದಿನ ಜಗಲಿಯಲ್ಲಿ ಅವರಿಗೆ ಒತ್ತಿಕೊಂಡು ಕೂತು, ಅಜ್ಜಿ ನನ್ನ ವಿಷಯ ಏನು ಹೇಳಿದರು ಎಂದು ಕೇಳಿದೆ.

"ಏನೂ ಹೇಳಲಿಲ್ಲ ಮಗಾ. ನಾನು ಒಳಗೆ ಹೋದಾಗ ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ ಯಾರು ಬರ್ತಾರೆ ಅಂತ ಬಾಗಿಲನ್ನೇ ನೋಡ್ತಾ ಇದ್ದರು."