ನಮ್ಮ ತೋಟದ ಕಾಯಿ ತಲುಪದ ಡಾಕ್ಟರು

ಕಳೆದ ಭಾನುವಾರ ಗುಬ್ಬಿಯಿಂದ ಅತ್ತಿಗೆ ಫೋನ್ ಮಾಡಿದರು. ಹಲೋ ಇಲ್ಲ, ಊಟ ಆಯ್ತಾ ಇಲ್ಲ.

"ನಿನ್ ಮಗಳು ಹಟ ಹಿಡ್ದವ್ಳೆ ಕಣಪ್ಪ. ಜ್ಞಾನ ತಪ್ಸೋ ಡಾಕ್ಟ್ರೇ ಆಗ್ಬೇಕಂತೆ. ನೀನೇ ಬುದ್ಧಿ ಹೇಳು."

ಮಗಳು ಅಂದರೆ ನನ್ನ ಅಣ್ಣನ ಮಗಳು ಸಿಂಚನ. (ಹಟ ಮಾಡಿದಾಗ ಮಾತ್ರ ಅವಳು ನನ್ನ ಮಗಳು.) ಜ್ಞಾನ ತಪ್ಪಿಸುವುದು ಅಂದರೆ ಅನಸ್ತೇಷಿಯಾ. ಎಂಬಿಬಿಎಸ್ ಮುಗಿಸಿದ ಹುಡುಗಿ ಪಿಜಿ ಸೀಟಿಗೆ ಆಪ್ಷನ್ ತುಂಬಬೇಕಿತ್ತು. ಮರುದಿನವೇ ಕೊನೆ ದಿನ. ನಮ್ಮ ವಂಶದಲ್ಲಿ ಡಾಕ್ಟರ್ ಓದಿದವರು ಬೇರೆ ಯಾರೂ ಇಲ್ಲ, ಹಾಗಾಗಿ ಎಲ್ಲರೂ ಸಲಹೆಗಾರರೇ. ಅಣ್ಣನಿಗೆ ಮೂಳೆ ಇಷ್ಟ, ಅತ್ತಿಗೆಗೆ ಮಕ್ಕಳ ಡಾಕ್ಟರು. ನನ್ನ ಓಟು ಸ್ಕಿನ್‌ಗೆ. (ನೆಮ್ಮದಿಯ ಕೆಲಸ ಅಂತ ಯಾರೋ ಹೇಳಿದ್ದರು.)

ಸಂಜೆ ಅವಳೇ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದಳು. ಕಾಫಿ ಕೊಟ್ಟು ಶುರು ಮಾಡಿದೆ.

"ಅಲ್ಲ ಕಣೇ, ಆಪರೇಷನ್ ಮಾಡೋರ್ನ ಜನ ದೇವ್ರು ಅಂತಾರೆ. ಮಲಗ್ಸೋರ್ನ ಯಾರು ನೆನಪಿಟ್ಕೋತಾರೆ?"

ಅವಳು ಲೋಟ ಕೆಳಗಿಟ್ಟಳು. "ಚಿಕ್ಕಪ್ಪ, ಹೋದ ವರ್ಷ ನಿಮ್ ಹರ್ನಿಯಾ ಆಪರೇಷನ್ ಆದ್ಮೇಲೆ ತೋಟದ ಕಾಯಿ ಯಾರ್ಯಾರಿಗೆ ಕೊಟ್ರಿ?"

ಇದು ನಮ್ಮ ಮನೆ ಪದ್ಧತಿ. ಗುಣವಾದ ಮೇಲೆ ಆಸ್ಪತ್ರೆಗೆ ಹೋಗಿ ತೆಂಗಿನಕಾಯಿ ಕೊಟ್ಟು ಬರಬೇಕು. ಹೆಮ್ಮೆಯಿಂದಲೇ ಹೇಳಿದೆ: ಸರ್ಜನ್‌ಗೆ, ಇಬ್ಬರು ಸಿಸ್ಟರ್‌ಗೆ, ಆಯಾಗೆ, ಲಿಫ್ಟ್‌ನವನಿಗೆ, ಗೇಟಿನ ಸೆಕ್ಯುರಿಟಿಗೂ.

"ಅನಸ್ತೇಷಿಯಾ ಕೊಟ್ಟೋರ್ಗೆ?"

ಅವರಿಗೆ ಕೊಟ್ಟಿರಲಿಲ್ಲ. ಅವತ್ತು ಥಿಯೇಟರಿನಲ್ಲಿ ಹೆದರಿಹೋಗಿದ್ದೆ. ಮಾಸ್ಕ್ ಹಾಕಿದ್ದ ಒಬ್ಬ ಹೆಣ್ಣುಮಗಳು ನನ್ನ ಕೈ ಹಿಡಿದುಕೊಂಡು, "ತೋಟ ಎಲ್ಲಿ ಸಾರ್? ಎಷ್ಟು ಮರ ಇದೆ?" ಅಂತ ಕೇಳಿದ್ದರು. ಹೇಳುತ್ತ ಹೇಳುತ್ತಲೇ ನಿದ್ದೆ ಹೋದೆ. ಎಚ್ಚರವಾದಾಗ ಮೊದಲು ಕೇಳಿದ್ದೂ ಅದೇ ದನಿ: "ಮುಗೀತು ಸಾರ್, ಕಣ್ ಬಿಡಿ." ಅಷ್ಟೂ ಹೊತ್ತು ನನ್ನ ಉಸಿರು ಕಾಯ್ದವರು ಅವರು. ನಾನು ಹೆಸರೂ ಕೇಳಲಿಲ್ಲ. ನಾಚಿಕೆಯಾಯಿತು.

"ನಂಗೆ ಆ ಕೆಲ್ಸಾನೇ ಇಷ್ಟ ಚಿಕ್ಕಪ್ಪ," ಅಂದಳು ಸಿಂಚನ. "ಹೆದರ್ಕೊಂಡಿರೋರ ಪಕ್ಕ ನಿಂತ್ಕೊಳೋದು."

ಏನು ಬುದ್ಧಿ ಹೇಳಲಿ ಇವಳಿಗೆ? ಅವಳ ತಲೆ ಸವರಿ, ಅತ್ತಿಗೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೇಳಿ ಅತ್ತಿಗೆ ಅಂದರು:

"ಅವ್ಳಿಷ್ಟ ಬಂದಂಗೆ ತುಂಬ್ಲಿ ಬುಡು. ನೀನು ಮೊದ್ಲು ಹೋಗಿ ಆ ಯಮ್ಮಂಗೆ ಕಾಯಿ ಕೊಟ್ಟು ಬಾ."

ಬುಧವಾರ ಎರಡು ಕಾಯಿ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ. "ಹೋದ ವರ್ಷ ನಂಗೆ ಅನಸ್ತೇಷಿಯಾ ಕೊಟ್ಟಿದ್ದ ಡಾಕ್ಟ್ರನ್ನ ನೋಡ್ಬೇಕಿತ್ತಮ್ಮ," ಎಂದೆ.

ರಿಸೆಪ್ಷನ್ನಿನ ಹುಡುಗಿ ಗಾಬರಿಯಾಗಿ ಎದ್ದು ನಿಂತಳು.

"ಯಾಕ್ ಸಾರ್, ಏನಾದ್ರೂ ತೊಂದ್ರೆ ಆಯ್ತಾ?"